ಬೇಲಿ ಹಾಕಿದರೆ ಚಿಟ್ಟೆ ಉಳಿಯುತ್ತಾ?

ಹುಲಿ ಉಳಿದರೆ ಕಾಡು ಉಳಿಯುತ್ತದೆ, ಕಾಡು ಉಳಿದರೆ ಅದರೊಳಗಿನ ಹುಳಹುಪ್ಪಟೆಯೂ ತಾನಾಗಿ ಉಳಿಯುತ್ತದೆ. ವನ್ಯಜೀವಿ ಸಂರಕ್ಷಣೆಯ ಸಭೆಗಳಲ್ಲಿ ಈ ಮಾತು ಬರದೇ ಇರುವುದು ಕಡಿಮೆ. ಪೂರ್ತಿ ಸುಳ್ಳೇನಲ್ಲ. ಕಾಡನ್ನೇ ಕಡಿದು ಹಾಕಿದರೆ ಯಾರಿಗೂ ಜಾಗವಿಲ್ಲ. ಆದರೆ ತಾನಾಗಿ ಉಳಿಯುತ್ತವೆ ಅಂತ ಬಿಟ್ಟ ಸಣ್ಣ ಜೀವಿಗಳು ನಾವು ಕಾಪಾಡಿದ ಜಾಗದ ಒಳಗೇ ಇಲ್ಲವಾಗುವುದುಂಟು. ಹುಲಿಗೆ ಬೇಕಾದ್ದನ್ನು ಚದರ ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಚಿಟ್ಟೆಗೆ ಬೇಕಾದ್ದು ಕೆಲವೊಮ್ಮೆ ಸೆಂಟಿಮೀಟರಿನ ಲೆಕ್ಕ.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆಯ ವಿಷಯ. ಅಪರೂಪದ ಚಿಟ್ಟೆ, ಹಾಗಾಗಿ ಸಂಗ್ರಹಕಾರರು ಬಲೆ ಹಿಡಿದು ಅದರ ಹಿಂದೆ ಬಿದ್ದಿದ್ದರು. ಸಂಖ್ಯೆ ಇಳಿಯುತ್ತಾ ಬಂದಾಗ ತಪ್ಪು ಅವರ ತಲೆಗೇ ಬಂತು. ಚಿಟ್ಟೆಯಿದ್ದ ಹುಲ್ಲುಗಾವಲಿಗೆ ಬೇಲಿ ಹಾಕಿದರು. ಬಲೆಯವರು ಹೊರಗುಳಿದರು, ದನ ಕುರಿಗಳೂ ಹೊರಗುಳಿದವು. ಚಿಟ್ಟೆ ಮಾತ್ರ ಬೇಲಿಯೊಳಗೇ ಖಾಲಿಯಾಯಿತು. 1979ರಲ್ಲಿ ಇಡೀ ಬ್ರಿಟನ್ನಿನಿಂದಲೇ ಹೋಯಿತು.

ಜೆರೆಮಿ ಥಾಮಸ್ ಎಂಬ ಸಂಶೋಧಕರು 1970ರ ದಶಕದಲ್ಲಿ, ಉಳಿದಿದ್ದ ಕೊನೆಯ ಚಿಟ್ಟೆಗಳ ಹಿಂದೆಯೇ ಅಲೆದು ಇದರ ಬದುಕನ್ನು ಹತ್ತಿರದಿಂದ ನೋಡಿದರು. ಹೆಣ್ಣು ಚಿಟ್ಟೆ ಕಾಡು ಥೈಮ್ ಗಿಡದ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಎರಡು ಮೂರು ವಾರ ಆ ಹೂವನ್ನು ತಿಂದುಕೊಂಡಿದ್ದು, ಒಂದು ಸಂಜೆ ನೆಲಕ್ಕೆ ಬೀಳುತ್ತದೆ. ಆಗ ಅದರ ಉದ್ದ ಕೆಲವೇ ಮಿಲಿಮೀಟರ್. ಅಲ್ಲೇ ಸುಮ್ನೆ ಬಿದ್ದಿರುತ್ತದೆ. ದಾರಿಯಲ್ಲಿ ಹೋಗುವ ಕೆಂಪಿರುವೆಯೊಂದು ಬಂದು ಮುಟ್ಟಿ ನೋಡುತ್ತದೆ, ಅದರ ಮೈಯಿಂದ ಜಿನುಗುವ ಸಿಹಿ ಹನಿಯನ್ನು ನೆಕ್ಕುತ್ತದೆ. ಕೊನೆಗೆ ತನ್ನ ಗೂಡಿನ ಮರಿಯೇ ಹೊರಗೆ ಬಿದ್ದಿದೆ ಅಂದುಕೊಂಡು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಒಳಗೆ ಸೇರಿದ ಹುಳು ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಕೊಬ್ಬುತ್ತದೆ. ಸಾಕಿದವರ ಮನೆಗೇ ಕನ್ನ!

ಯಾವ ಇರುವೆಯಾದರೂ ನಡೆಯುತ್ತೆ ಅಂತ ಮೊದಲು ನಂಬಿದ್ದರು. ನಡೆಯಲ್ಲ. ಮಿರ್ಮಿಕಾ ಗುಂಪಿನ ಹಲವು ಇರುವೆಗಳು ಹುಳುವನ್ನು ಎತ್ತಿಕೊಂಡು ಹೋಗುತ್ತವೆ. ಆದರೆ ಮಿರ್ಮಿಕಾ ಸಬುಲೆಟಿ ಎಂಬ ಒಂದೇ ಇರುವೆಯ ಗೂಡಿನಲ್ಲಿ ಅದು ಚೆನ್ನಾಗಿ ಬದುಕುತ್ತದೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚಗಿನ ನೆಲ ಬೇಕು. ಹುಲ್ಲು ಮೂರ್ನಾಲ್ಕು ಸೆಂಟಿಮೀಟರ್ ದಾಟಿತೋ, ನೆಲ ತಂಪಾಗುತ್ತದೆ. ಈ ಇರುವೆ ಜಾಗ ಖಾಲಿ ಮಾಡುತ್ತದೆ, ಅದರ ದಾಯಾದಿ ಬಂದು ಕೂರುತ್ತದೆ. ಹುಲ್ಲು ಗಿಡ್ಡವಾಗಿರುತ್ತಿದ್ದದ್ದು ದನ, ಕುರಿ, ಮೊಲಗಳಿಂದ. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಮೊಲಗಳು ರಾಶಿ ರಾಶಿ ಸತ್ತವು. ದನ ಮೇಯಿಸುವುದೂ ಕಡಿಮೆಯಾಯಿತು. ಬೇಲಿಯೊಳಗಂತೂ ಕೇಳುವುದೇ ಬೇಡ, ಹುಲ್ಲು ಮೊಣಕಾಲಿಗೆ ಬಂದಿರಬೇಕು. ಥೈಮ್ ಗಿಡ ಇನ್ನೂ ಇತ್ತು. ಚಿಟ್ಟೆಯೂ ಮೊಟ್ಟೆ ಇಡುತ್ತಿತ್ತು. ಮೇಲಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣುವಂತಿರಲಿಲ್ಲ.

ಉತ್ತರ ಸಿಗುವ ಹೊತ್ತಿಗೆ ಬ್ರಿಟನ್ನಿನ ಚಿಟ್ಟೆ ಮುಗಿದೇ ಹೋಗಿತ್ತು. 1983ರಲ್ಲಿ ಸ್ವೀಡನ್ನಿನಿಂದ ತಂದು ಬಿಡಲು ಶುರುಮಾಡಿದರು, ಈ ಸಲ ದನ ಮೇಯಿಸಿ ಹುಲ್ಲು ತಗ್ಗಿಸಿದ ಜಾಗದಲ್ಲಿ. ಈಗ ಅದು ಇಂಗ್ಲೆಂಡಿನಲ್ಲಿ ಮತ್ತೆ ಹಾರುತ್ತಿದೆ. ಬೇಲಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೊಂಬಿಗಾಗಿ ಸಾಯುವ ಘೇಂಡಾಮೃಗಕ್ಕೆ ಕಾವಲೇ ಮದ್ದು. ಇರುವೆಯಿಲ್ಲದೆ ಸಾಯುವ ಚಿಟ್ಟೆಗೆ ಕಾವಲುಗಾರ ಏನು ಮಾಡಿಯಾನು?

ಇನ್ನು ಎಣಿಕೆ. ಅದೂ ಮೋಸ ಮಾಡುತ್ತದೆ. ಯೂರೋಪಿನ ನದಿಗಳಲ್ಲಿರುವ ಮುತ್ತಿನ ಕಪ್ಪೆಚಿಪ್ಪು ನೂರು ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಆದರೆ ಅದರ ಮರಿ ಸಾಲ್ಮನ್ ಅಥವಾ ಟ್ರೌಟ್ ಮೀನಿನ ಕಿವಿರಿಗೆ ಕಚ್ಚಿಕೊಂಡು ತಿಂಗಳುಗಟ್ಟಲೆ ಇರಬೇಕು. ಆಮೇಲೆ ಕಳಚಿಕೊಂಡು, ನದಿತಳದ ಜಲ್ಲಿಯ ಸಂದಿಗೆ ಇಳಿದು ಕೆಲವು ವರ್ಷ ಅಲ್ಲೇ ಬೆಳೆಯಬೇಕು. ಅಣೆಕಟ್ಟು ಕಟ್ಟಿ ಮೀನಿನ ದಾರಿ ಮುಚ್ಚಿದರೆ ಅಥವಾ ಹೂಳು ಬಂದು ಜಲ್ಲಿಯ ಸಂದಿ ತುಂಬಿದರೆ ಮರಿಗೆ ಉಳಿಗಾಲವಿಲ್ಲ. ದೊಡ್ಡವು ಮಾತ್ರ ಏನೂ ಆಗದಂತೆ ದಶಕಗಟ್ಟಲೆ ಕೂತಿರುತ್ತವೆ. ನೀರಿಗಿಳಿದು ಎಣಿಸಿದರೆ ಸಾವಿರಾರು ಸಿಗಬಹುದು. ವರದಿಯಲ್ಲಿ ‘ಸಂಖ್ಯೆ ಸ್ಥಿರವಾಗಿದೆ’ ಅಂತ ಬರೆದರೂ ಅದು ಸುಳ್ಳಾಗುವುದಿಲ್ಲ. ಅದಕ್ಕೇ ಈ ಕೆಲಸ ಗೊತ್ತಿದ್ದವರು ಎಣಿಸಿ ಸುಮ್ಮನಾಗುವುದಿಲ್ಲ, ಒಂದೊಂದರ ಉದ್ದವನ್ನೂ ಅಳೆಯುತ್ತಾರೆ. ಅಂಗೈಯಗಲದ್ದು ನೂರಾರು ಸಿಕ್ಕಿ, ಬೆರಳಿನ ಉಗುರಿನಷ್ಟು ಸಣ್ಣದ್ದು ಒಂದೂ ಸಿಗಲಿಲ್ಲ ಅಂದರೆ ಆ ನದಿ ವೃದ್ಧಾಶ್ರಮ ಅಷ್ಟೇ.

ಒಂದು ಜೀವಿಯನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದದ್ದೂ ಇದೆ. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1987ರ ಹೊತ್ತಿಗೆ ಜಗತ್ತಿನಲ್ಲೇ 27 ಉಳಿದಿತ್ತು. ಎಲ್ಲವನ್ನೂ ಹಿಡಿದು ತಂದು ಸಾಕಿ ಸಂಖ್ಯೆ ಬೆಳೆಸಿದರು. ತಂದಾಗ ಹೇನಿಗೆ ಔಷಧಿ ಹಾಕಿದರು. ಆ ಹಕ್ಕಿಯ ಮೈ ಬಿಟ್ಟರೆ ಬೇರೆಲ್ಲೂ ಇರದಿದ್ದ ಒಂದು ಹೇನು ಆ ಔಷಧಿಯಿಂದ ಅಳಿದುಹೋಯಿತು ಎಂದೇ ತಜ್ಞರು ನಂಬುತ್ತಾರೆ. ನಗು ಬರುತ್ತೆ ಅಲ್ವಾ? ಹೇಳಿದಾಗಲೆಲ್ಲ ಜನ ನಗುತ್ತಾರೆ. ಹಕ್ಕಿಯೇ ಸಾಯುವ ಹೊತ್ತಿನಲ್ಲಿ ಹೇನನ್ನು ಯಾರು ನೋಡುತ್ತಾರೆ, ನಿಜ. ಆದರೂ ಅದೂ ಒಂದು ಪ್ರಭೇದವೇ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿ 1964ರಿಂದ ಇದೆ. ಹಕ್ಕಿ, ಸಸ್ತನಿಗಳನ್ನು ಅದು ಹೆಚ್ಚುಕಡಿಮೆ ಪೂರ್ತಿ ಪರಿಶೀಲಿಸಿದೆ. ಕೀಟಗಳಲ್ಲಿ ಹೆಸರಿಟ್ಟವೇ ಸುಮಾರು 10 ಲಕ್ಷ ಪ್ರಭೇದ, ಪರಿಶೀಲನೆಯಾದದ್ದು ನೂರಕ್ಕೆ ಒಂದೆರಡು. ರಸ್ತೆಯೋ ಗಣಿಯೋ ಬರುವಾಗ ಪಟ್ಟಿಯ ಈ ಖಾಲಿ ಜಾಗವನ್ನೇ ‘ಅಪಾಯದಲ್ಲಿರುವ ಜೀವಿಗಳಿಲ್ಲ’ ಅಂತ ಓದಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಯಾರೂ ಹುಡುಕದಿದ್ದರೆ ಏನು ಸಿಕ್ಕೀತು?

ಹುಡುಕಿ, ಕಾದು, ಕೈಬಿಡದೆ ಮಾಡಿದ ಕೆಲಸವೂ ಇದೆ. ದೈತ್ಯ ಆಫ್ರಿಕನ್ ಬಸವನಹುಳುವಿನ ಕಾಟ ತಪ್ಪಿಸಲು 1970ರ ದಶಕದಲ್ಲಿ ಫ್ರೆಂಚ್ ಪಾಲಿನೇಷ್ಯಾಕ್ಕೆ ಬೇಟೆಗಾರ ಬಸವನಹುಳುವೊಂದನ್ನು ತಂದು ಬಿಟ್ಟರು. ಅದು ಅಲ್ಲಿನದೇ ಪುಟ್ಟ ಪಾರ್ಟುಲಾ ಬಸವನಹುಳುಗಳನ್ನು ತಿಂದು ಮುಗಿಸಿತು. ಹೇಗೋ ಉಳಿಸಿಕೊಂಡ ಕೆಲವನ್ನು ಮೃಗಾಲಯಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಸಾಕಿದರು. 2015ರಿಂದ ಮತ್ತೆ ದ್ವೀಪಗಳಿಗೆ ಒಯ್ದು ಬಿಡುತ್ತಿದ್ದಾರೆ. ಬಿಡುವ ಮೊದಲು ಚಿಪ್ಪಿನ ಮೇಲೆ ಒಂದು ಚುಕ್ಕೆ ಕೆಂಪು ಬಣ್ಣ ಹಚ್ಚುತ್ತಾರೆ. 2024ರಲ್ಲಿ ಬಣ್ಣವಿಲ್ಲದ ದೊಡ್ಡ ಹುಳುಗಳು ಸಿಕ್ಕವು. ಅಂದರೆ ಕಾಡಿನಲ್ಲೇ ಹುಟ್ಟಿ ಬೆಳೆದವು. ಕೆಂಪು ಪಟ್ಟಿಯಲ್ಲಿ ಪಾರ್ಟುಲಾ ಟೊಹಿವಿಯಾನಾ ಎಂಬ ಆ ಪ್ರಭೇದ ‘ಕಾಡಿನಲ್ಲಿ ಅಳಿದಿದೆ’ ಎಂಬ ಸಾಲಿನಿಂದ ‘ತೀವ್ರ ಅಪಾಯದಲ್ಲಿದೆ’ ಎಂಬ ಸಾಲಿಗೆ ಬಂತು. ನಮ್ಮ ಕಸುಬಿನಲ್ಲಿ ಇದು ಹಬ್ಬದಂಥ ಸುದ್ದಿ.

ಯೋಜನೆಗಳ ಖರ್ಚಿನ ಪಟ್ಟಿಯಲ್ಲಿ ಜೀಪು, ಗಸ್ತು, ಕ್ಯಾಮೆರಾ, ಫಲಕ ಎಲ್ಲಕ್ಕೂ ದುಡ್ಡು ಇಟ್ಟಿರುತ್ತಾರೆ. ಈ ಜೀವಿ ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆ ಇಡುತ್ತದೆ, ಯಾರನ್ನು ನಂಬಿಕೊಂಡಿದೆ ಅಂತ ಎರಡು ವರ್ಷ ಕೂತು ನೋಡುವ ಒಬ್ಬರ ಸಂಬಳ ಮಾತ್ರ ಇರುವುದಿಲ್ಲ. ಪ್ರಸ್ತಾವ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಆ ಸಾಲನ್ನು.