ಅಕ್ರಿಲಮೈಡ್: ಕರಿದ ತಿಂಡಿಯಲ್ಲಿ ತಾನಾಗಿ ಹುಟ್ಟುವ ರಾಸಾಯನಿಕ

ನಮ್ಮ ಕಾಸರಗೋಡಿನಲ್ಲಿ ರಾಸಾಯನಿಕ ಅಂದ ಕೂಡಲೇ ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನೇ ನೆನಪಾಗುವುದು. ಅಕ್ರಿಲಮೈಡ್ ಹಾಗಲ್ಲ. ತಿಂಡಿಗೆ ಇದನ್ನು ಯಾರೂ ಬೆರೆಸುವುದಿಲ್ಲ, ಬಾಣಲೆಯಲ್ಲೇ ಹುಟ್ಟುತ್ತದೆ.

ಆಲೂಗಡ್ಡೆ, ಬಾಳೆಕಾಯಿ, ಗೋಧಿ, ಕಾಫಿ ಬೀಜ ಇವುಗಳಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಗ್ಲೂಕೋಸಿನಂಥ ಸಕ್ಕರೆಯೂ ಇರುತ್ತವೆ. ಬಿಸಿ ಸುಮಾರು 120 ಡಿಗ್ರಿ ದಾಟಿ ನೀರಿನಂಶ ಆರಿದಾಗ ಎರಡೂ ಸೇರಿ ಅಕ್ರಿಲಮೈಡ್ ಆಗುತ್ತದೆ. ಕಂದು ಬಣ್ಣ, ಘಮ ಬರುವುದೂ ಅದೇ ಹೊತ್ತಿಗೆ. ನೀರು 100 ಡಿಗ್ರಿಗೇ ಕುದಿಯುವುದರಿಂದ ನೀರಲ್ಲೋ ಹಬೆಯಲ್ಲೋ ಬೇಯುವ ಗಂಜಿ, ಪುಂಡಿ, ಪತ್ರೊಡೆ, ಹಲಸಿನ ಕೊಟ್ಟಿಗೆಗೆ ಈ ತಾಪತ್ರಯವಿಲ್ಲ.

ಇದು ಗೊತ್ತಾದ ಕತೆ ವಿಚಿತ್ರ. 1997ರಲ್ಲಿ ಸ್ವೀಡನ್ನಿನ ಒಂದು ರೈಲು ಸುರಂಗದಲ್ಲಿ ನೀರು ಸೋರದಂತೆ ಹಾಕಿದ ಅಂಟಿನಿಂದ ಅಕ್ರಿಲಮೈಡ್ ಹೊಳೆಗೆ ಸೇರಿ, ಮೀನು ಸತ್ತು, ಹಸುಗಳಿಗೆ ನಡೆಯಲಾಗದಂತಾಯಿತು. ಕಾರ್ಮಿಕರ ರಕ್ತ ಪರೀಕ್ಷಿಸುವಾಗ ಹೋಲಿಕೆಗೆಂದು ಸುರಂಗದ ಹತ್ತಿರವೂ ಸುಳಿಯದವರ ರಕ್ತ ನೋಡಿದರೆ, ಅದರಲ್ಲೂ ಇದರ ಗುರುತು! ಊಟದಿಂದಲೇ ಬರುತ್ತಿದೆ ಎಂದು 2002ರಲ್ಲಿ ಸ್ವೀಡನ್ ಪ್ರಕಟಿಸಿತು.

1994ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ ಸೇರಿಸಿತ್ತು. ಅದಕ್ಕೆ ಮುಖ್ಯ ಆಧಾರ ಪ್ರಾಣಿಗಳ ಮೇಲಿನ ಪ್ರಯೋಗ. ಊಟದಲ್ಲಿ ಸಿಗುವ ಪ್ರಮಾಣದಿಂದ ಜನರಿಗೆ ಕ್ಯಾನ್ಸರ್ ಬರುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ. ಹಾಗಾಗಿ ಹಬ್ಬಕ್ಕೆ ನಾಲ್ಕು ಹಪ್ಪಳ ತಿಂದದ್ದಕ್ಕೆ ಸುಮ್ನೆ ಹೆದರಬೇಡಿ. ಲೆಕ್ಕ ಹಾಕುವುದು ತಿಂಡಿಯಲ್ಲಿ ಎಷ್ಟಿದೆ, ದಿನಕ್ಕೆ ಎಷ್ಟು ತಿನ್ನುತ್ತೀರಿ, ನಿಮ್ಮ ತೂಕ ಎಷ್ಟು ಎಂಬ ಮೂರನ್ನೂ ಸೇರಿಸಿ. ಒಂದೇ ಪೊಟ್ಟಣ ಅಪ್ಪ, ಮಗ ಸಮನಾಗಿ ಹಂಚಿಕೊಂಡರೂ ಮಗನ ಮೈಗೆ ಬೀಳುವ ಪಾಲು ಜಾಸ್ತಿ.

"ತೆಂಗಿನೆಣ್ಣೆಯಲ್ಲಿ ಕರಿದರೆ ತೊಂದರೆ ಇಲ್ಲ ಅಲ್ವಾ?" ಅಂತ ಕೇಳುವವರಿದ್ದಾರೆ. ಎಣ್ಣೆ ಯಾವುದು ಎನ್ನುವುದಕ್ಕಿಂತ ಎಷ್ಟು ಬಿಸಿ, ಎಷ್ಟು ಹೊತ್ತು ಎನ್ನುವುದೇ ಮುಖ್ಯ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರಲ್ಲಿ ಸಕ್ಕರೆ ಹೆಚ್ಚುತ್ತದೆ, ಕರಿಯುವುದಕ್ಕಾದರೆ ಹೊರಗೇ ಇಡಿ. ಹೆಚ್ಚಿದ ಹೋಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ ಕರಿದರೆ ಕಡಿಮೆಯಾಗುತ್ತದೆ. ಹೊಂಬಣ್ಣಕ್ಕೇ ತೆಗೆಯಿರಿ. ನೇಂದ್ರ ಚಿಪ್ಸ್‌ನಲ್ಲಿ ಮಾತ್ರ ಅರಸಿನದ ಹಳದಿ ಮೋಸ ಮಾಡುತ್ತದೆ, ಅಂಚು ಕಂದಾಗಿದೆಯಾ ಅಂತ ನೋಡಿ.