ಮಳೆಗಾಲದ ಮೂರು ಜ್ವರ, ಒಂದು ಸಕ್ಕರೆ ಕಾಯಿಲೆ: ಕೆಲಸ ಕೆಡುವುದು ಎಲ್ಲಿ?

ನಾನು ಮಂಗಳೂರಿನಲ್ಲಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷ ಕಾಯಿಲೆಗಳ ಲಕ್ಷಣಗಳನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದ ವಾರದಲ್ಲೇ ಎಲ್ಲ ಮರೆತುಹೋಯಿತು. ಈಗ ಓದುವ ಕ್ರಮ ಬೇರೆ. ಕಾಯಿಲೆಯ ಪಾಠ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಬರೆಯುತ್ತೇನೆ: ಈ ಅಂಗ ಚೆನ್ನಾಗಿದ್ದಾಗ ದಿನಾ ಏನು ಕೆಲಸ ಮಾಡುತ್ತದೆ? ಆಮೇಲೆ, ಆ ಕೆಲಸ ಯಾವ ಹಂತದಲ್ಲಿ ಕೆಟ್ಟಿತು? ಇಷ್ಟು ಬರೆದರೆ ಲಕ್ಷಣಗಳು ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತವೆ. ನಮ್ಮ ಕರಾವಳಿಯ ಕಾಯಿಲೆಗಳಿಂದಲೇ ತೋರಿಸುತ್ತೇನೆ. ಮಳೆಗಾಲದಲ್ಲಿ ವಾರ್ಡಿಗೆ ಹೋದರೆ ಮೊದಲು ಸಿಗುವುದು ಇವೇ ಅಲ್ವಾ.

ಮಲೇರಿಯಾ: ಹೊರುವವನನ್ನೇ ಒಡೆಯುವ ಕಾಯಿಲೆ

ಕೆಂಪು ರಕ್ತಕಣದ ಕೆಲಸ ಆಮ್ಲಜನಕ ಹೊರುವುದು. ಅದರೊಳಗೆ ತುಂಬಿರುವುದು ಹಿಮೋಗ್ಲೋಬಿನ್. ಕಣದ ಆಯಸ್ಸು ಸುಮಾರು 120 ದಿನ. ತನಗಿಂತ ಸಣ್ಣ ರಕ್ತನಾಳದಲ್ಲೂ ಮೈ ಬಗ್ಗಿಸಿ ನುಸುಳಬಲ್ಲದು. ವಯಸ್ಸಾಗಿ ಮೈ ಬಿರುಸಾದಾಗ ಗುಲ್ಮ ಅದನ್ನು ಹಿಡಿದು ಪುಡಿಮಾಡುತ್ತದೆ. ಈ ಐದು ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲೂ ಬೇಕಾಗುತ್ತವೆ.

ಮಂಗಳೂರಿನಲ್ಲಿ ಜಾಸ್ತಿ ಕಂಡದ್ದು ವೈವಾಕ್ಸ್ ಮಲೇರಿಯಾ. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಗೆ ಕೊಳಚೆ ಬೇಡ, ನಿಂತ ತಿಳಿನೀರು ಬೇಕು. ಮುಚ್ಚಳವಿಲ್ಲದ ಟ್ಯಾಂಕ್, ಕಟ್ಟಡ ಕಟ್ಟುವಲ್ಲಿ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಹಾಳುಬಿದ್ದ ಬಾವಿ, ಎಲ್ಲ ಅದಕ್ಕೆ ಮನೆ.

ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಹೋಗುವುದು ಲಿವರಿಗೆ. ಅಲ್ಲಿ ಬೆಳೆದು ರಕ್ತಕ್ಕಿಳಿಯುತ್ತದೆ. ಕೆಂಪು ಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ನನ್ನೇ ತಿಂದು ಬೆಳೆಯುತ್ತದೆ. ಸುಮಾರು 48 ಗಂಟೆಗೆ ಕಣಗಳು ಒಟ್ಟಿಗೆ ಒಡೆಯುತ್ತವೆ. ಆಗಲೇ ನಡುಕ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ ಏಕೆ ಎಂಬುದಕ್ಕೆ ಉತ್ತರ ಇದು. ಶುರುವಿನ ದಿನಗಳಲ್ಲಿ ಈ ತಾಳ ಕೂಡಿರುವುದಿಲ್ಲ, ದಿನಾ ಜ್ವರ ಬರಬಹುದು. ಹಾಗಾಗಿ ದಿನ ಬಿಟ್ಟು ದಿನ ಬರಲಿಲ್ಲ ಎಂದು ಮಲೇರಿಯಾ ಅಲ್ಲ ಅನ್ನಬೇಡಿ.

ವೈವಾಕ್ಸ್ ಹೊಕ್ಕುವುದು ಹೆಚ್ಚಾಗಿ ಎಳೆಯ ಕೆಂಪು ಕಣಗಳಿಗೆ. ಅವು ರಕ್ತದಲ್ಲಿರುವುದು ಬರೀ ನೂರಕ್ಕೆ ಒಂದೆರಡು. ಮಲೇರಿಯಾದ ಇನ್ನೊಂದು ಜಾತಿ ಫಾಲ್ಸಿಪಾರಮ್ ಹಾಗಲ್ಲ, ಯಾವ ವಯಸ್ಸಿನ ಕಣವನ್ನೂ ಬಿಡುವುದಿಲ್ಲ. ಅದು ಹೊಕ್ಕ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳಿನ ಸಣ್ಣ ನಾಳಗಳಲ್ಲಿ ಹೀಗಾದರೆ ರೋಗಿ ಪ್ರಜ್ಞೆ ತಪ್ಪುತ್ತಾನೆ. ಒಂದೇ ಕಾಯಿಲೆಯ ಎರಡು ಜಾತಿಯಲ್ಲಿ ಅಪಾಯ ಯಾಕೆ ಬೇರೆ ಬೇರೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಈ ಅಂಟಿನಿಂದಲೇ ಶುರುಮಾಡಿ.

ವೈವಾಕ್ಸಿಗೆ ಇನ್ನೊಂದು ಬುದ್ಧಿ ಇದೆ. ಕೆಲವು ಪರಾವಲಂಬಿಗಳು ಲಿವರಿನಲ್ಲೇ ಮಲಗಿಬಿಡುತ್ತವೆ. ತಿಂಗಳುಗಳ ನಂತರ ಎದ್ದು ಮತ್ತೆ ಜ್ವರ ತರುತ್ತವೆ. ಅವುಗಳಿಗಾಗಿಯೇ ಪ್ರೈಮಾಕ್ವಿನ್ ಮಾತ್ರೆ 14 ದಿನ. ಮೂರನೇ ದಿನಕ್ಕೆ ಜ್ವರ ಬಿಡುತ್ತದೆ, ಜನ ಮಾತ್ರೆಯನ್ನೂ ಬಿಡುತ್ತಾರೆ. ರೋಗಿಗೆ ಇದನ್ನು ಕೂತು ಹೇಳಬೇಕಾದವರು ನಾವೇ. ಜಿ6ಪಿಡಿ (ಕೆಂಪು ಕಣವನ್ನು ಕಾಯುವ ಒಂದು ಕಿಣ್ವ) ಕೊರತೆ ಇದ್ದವರಿಗೆ ಇದೇ ಮಾತ್ರೆ ಕೆಂಪು ಕಣ ಒಡೆಯಬಹುದು, ಗರ್ಭಿಣಿಯರಿಗೆ ಕೊಡುವಂತಿಲ್ಲ. ಅದನ್ನೂ ಟಿಪ್ಪಣಿಯಲ್ಲಿ ಬರೆದಿಡಿ.

ಡೆಂಗ್ಯೂ: ಗೋಡೆ ಸೋರುವುದು

ಇದರಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ನೋಡಲು ಬಂದ ನೆಂಟರೂ ಮೊದಲು ಕೇಳುವುದು "ಪ್ಲೇಟ್‌ಲೆಟ್ ಎಷ್ಟುಂಟು?" ಎಂದೇ. ನನ್ನ ಪ್ರಕಾರ ಕಲಿಯುವವರು ಮೊದಲು ನೋಡಬೇಕಾದ್ದು ರಕ್ತನಾಳದ ಗೋಡೆಯನ್ನು.

ಆ ಗೋಡೆಯ ಕೆಲಸ ರಕ್ತದ ನೀರನ್ನೂ ಪ್ರೋಟೀನನ್ನೂ ಒಳಗೆ ಹಿಡಿದಿಡುವುದು. ಡೆಂಗ್ಯೂ ಜೋರಾದಾಗ ಗೋಡೆ ಸಡಿಲವಾಗುತ್ತದೆ. ನೀರಿನಂಶ ಹೊಟ್ಟೆಯೊಳಗೆ, ಎದೆಗೂಡಿನೊಳಗೆ ಸೋರುತ್ತದೆ. ರಕ್ತಕಣಗಳು ದೊಡ್ಡವು, ಅವು ಒಳಗೇ ಉಳಿಯುತ್ತವೆ. ರಕ್ತ ಗಟ್ಟಿಯಾಗುತ್ತದೆ. ಗಂಜಿಯ ತಿಳಿ ಬಸಿದರೆ ಪಾತ್ರೆಯಲ್ಲಿ ಅಗುಳು ದಪ್ಪಗೆ ಉಳಿಯುವ ಹಾಗೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುವುದು ಇದಕ್ಕೇ. ರಕ್ತ ಹೆಚ್ಚಾಗಿದ್ದಲ್ಲ, ನೀರು ಕಡಿಮೆಯಾಗಿದ್ದು.

ಇದು ನಡೆಯುವ ಹೊತ್ತು ಯಾವುದು ಗೊತ್ತಾ? ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಮನೆಯವರು "ಜ್ವರ ಬಿಟ್ಟಿತು" ಎಂದು ಉಸಿರು ಬಿಡುವಾಗಲೇ ನಾವು ಹೆಚ್ಚು ಎಚ್ಚರವಾಗಿರಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆ ಕೈಕಾಲು ಕಂಡರೆ ತಡಮಾಡುವಂತಿಲ್ಲ. ಬಿಪಿ ನೋಡುವಾಗ ಮೇಲಿನ ಸಂಖ್ಯೆ ಮಾತ್ರ ನೋಡಬೇಡಿ. 100/80 ಇದ್ದರೆ 100 ಇದೆಯಲ್ಲ ಎಂದು ಸಮಾಧಾನವಾಗಬಹುದು. ಆದರೆ ನಡುವಿನ ಅಂತರ ಬರೀ 20. ಒಳಗೆ ನೀರು ಕಡಿಮೆಯಾಗಿದೆ, ನಾಳಗಳು ಬಿಗಿದುಕೊಂಡು ಹೇಗೋ ಒತ್ತಡ ಉಳಿಸಿಕೊಂಡಿವೆ ಎಂದು ಅದರರ್ಥ.

ಒಂದೆರಡು ದಿನದಲ್ಲಿ ಗೋಡೆ ಮತ್ತೆ ಸರಿಯಾಗುತ್ತದೆ. ಸೋರಿದ ನೀರು ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಅದೇ ವೇಗದಲ್ಲಿ ಓಡುತ್ತಿದ್ದರೆ ಹೆಚ್ಚಿನ ನೀರು ಶ್ವಾಸಕೋಶಕ್ಕೆ ತುಂಬಬಹುದು. ಡ್ರಿಪ್ ಚಾರ್ಟ್ ಗಂಟೆಗಂಟೆಗೆ ಬರೆಯಲು ಹೇಳುವುದು ಇದಕ್ಕಾಗಿ.

ಇಲಿಜ್ವರ: ನಮ್ಮ ಮಾವನ ಕಿಡ್ನಿ ಕಲಿಸಿದ ಪಾಠ

ಬ್ರಹ್ಮಾವರದ ಹತ್ತಿರ ನಮ್ಮ ಮಾವನ ಗದ್ದೆ ಇದೆ. ಕಾಲಿನಲ್ಲಿ ಸಣ್ಣ ಗಾಯ ಇಟ್ಟುಕೊಂಡೇ ನಾಟಿಗೆ ಇಳಿದಿದ್ದರು. ಹತ್ತು ದಿನದ ಮೇಲೆ ಜ್ವರ, ಮೀನಖಂಡದಲ್ಲಿ ಮುಟ್ಟಿದರೆ ನೋವು, ಕಣ್ಣು ಕೆಂಪು. ಕಣ್ಣಿನಲ್ಲಿ ಪಿಚ್ಚು ಮಾತ್ರ ಇರಲಿಲ್ಲ. ಆಸ್ಪತ್ರೆಯಲ್ಲಿ ಕಿಡ್ನಿಗೆ ಪೆಟ್ಟಾಗಿದೆ ಅಂದರು. ಅತ್ತೆ ಫೋನಿನಲ್ಲಿ ಕೇಳಿದರು, "ಮೂತ್ರ ಸರೀ ಹೋಗ್ತಾ ಉಂಟಲ್ಲ ಮಗಾ, ಮತ್ತೆ ಕಿಡ್ನಿಗೆ ಎಂತ ಆಗುದು?" ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಅವತ್ತು ರಾತ್ರಿಯೇ ಕಿಡ್ನಿಯ ಪಾಠ ಮೊದಲಿನಿಂದ ಓದಿದೆ.

ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ನಮ್ಮ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಇರುವುದೇ ಸುಮಾರು ಮೂರು ಲೀಟರ್. ಅದನ್ನೇ ದಿನಕ್ಕೆ ಅರುವತ್ತು ಸಲ ಸೋಸಿದ ಹಾಗಾಯಿತು. ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದನ್ನೆಲ್ಲ ಕಿಡ್ನಿಯ ಸಣ್ಣ ಕೊಳವೆಗಳು ವಾಪಸ್ ಎಳೆದುಕೊಳ್ಳುತ್ತವೆ. ಅದರಲ್ಲಿ ಮೂರನೇ ಎರಡು ಪಾಲು ಕೆಲಸ ಕೊಳವೆಯ ಮೊದಲ ಭಾಗದ್ದು. ಅಂದರೆ ಕಿಡ್ನಿಗೆ ಎರಡು ಕೆಲಸ: ಸೋಸುವುದು, ವಾಪಸ್ ಎಳೆಯುವುದು. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ.

ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಗೆ ಬರುತ್ತದೆ, ರಕ್ತದಲ್ಲಿ ಓಡಾಡಿ ಈ ಕೊಳವೆಗಳಲ್ಲಿ ನೆಲೆಯಾಗುತ್ತದೆ. ಪೆಟ್ಟು ಜಾಸ್ತಿ ಬೀಳುವುದು ಕೊಳವೆಯ ಮೊದಲ ಭಾಗಕ್ಕೆ. ಅದು ಉಪ್ಪು, ನೀರು ಎಳೆದುಕೊಳ್ಳುವುದಿಲ್ಲ. ಎರಡೂ ಮುಂದಕ್ಕೆ ಹರಿದು ಹೋಗುತ್ತವೆ. ಮುಂದಿನ ಭಾಗ ಆ ಉಪ್ಪನ್ನು ಹಿಡಿಯಲು ಹೋಗಿ ಪೊಟ್ಯಾಸಿಯಮ್ ಹೊರಗೆ ಚೆಲ್ಲುತ್ತದೆ. ಹಾಗಾಗಿ ಮೂತ್ರ ಸರಿಯಾಗಿಯೇ ಹೋಗುತ್ತಿರುತ್ತದೆ, ಕಿಡ್ನಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಿರುತ್ತದೆ, ಪೊಟ್ಯಾಸಿಯಮ್ ಇಳಿಯುತ್ತಿರುತ್ತದೆ. ಬೇರೆ ಕಾರಣಕ್ಕೆ ಕಿಡ್ನಿ ಕೈಕೊಟ್ಟಾಗ ಸಾಮಾನ್ಯವಾಗಿ ಪೊಟ್ಯಾಸಿಯಮ್ ಏರುತ್ತದೆ. ಇಲ್ಲಿ ಉಲ್ಟಾ. ಕಾಯಿಲೆ ಬಲಿತರೆ ಇಲ್ಲೂ ಮೂತ್ರ ನಿಲ್ಲಬಹುದು, ಡಯಾಲಿಸಿಸ್ ಬೇಕಾಗಬಹುದು. ಅತ್ತೆ ನೋಡುತ್ತಿದ್ದದ್ದು ಮೂತ್ರದ ಪ್ರಮಾಣ, ಕೆಟ್ಟಿದ್ದು ಕಿಡ್ನಿಯ ಕೆಲಸ. ಮಾವ ಗುಣವಾಗಿ ಮನೆಗೆ ಬಂದ ಮೇಲೆ ಅತ್ತೆಗೆ ಚಿತ್ರ ಬರೆದು ವಿವರಿಸಿದೆ.

ಸಕ್ಕರೆ ಕಾಯಿಲೆ: ಅದೇ ಕೊಳವೆ, ಬೇರೆ ಕಥೆ

ಸೋಸಿದ ನೀರಿನಲ್ಲಿ ಸಕ್ಕರೆಯೂ ಇರುತ್ತದೆ. ಅದನ್ನು ಪೂರ್ತಿ ವಾಪಸ್ ಎಳೆಯುವುದೂ ಕೊಳವೆಯ ಅದೇ ಮೊದಲ ಭಾಗ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದರ ಕೈ ಸಾಲುವುದಿಲ್ಲ. ಉಳಿದ ಸಕ್ಕರೆ ತನ್ನ ಜೊತೆ ನೀರನ್ನೂ ಹಿಡಿದುಕೊಂಡು ಹೊರಗೆ ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ. ಅದಕ್ಕೇ ಬಾಯಾರಿಕೆ. ಇನ್ಸುಲಿನ್ ಕೆಲಸ ಮಾಡದೆ ಸ್ನಾಯುಗಳಿಗೆ ಸಕ್ಕರೆ ಸಿಗುವುದಿಲ್ಲ, ಅದಕ್ಕೇ ಸುಸ್ತು.

ಇಲಿಜ್ವರದಲ್ಲಿ ಹೊರೆ ಎಂದಿನಷ್ಟೇ, ಹೊರುವವನು ಸೋತ. ಇಲ್ಲಿ ಮೊದಮೊದಲು ಹೊರುವವನು ಚೆನ್ನಾಗಿಯೇ ಇದ್ದಾನೆ, ಹೊರೆ ಮಿತಿಮೀರಿತು. ಈ ವ್ಯತ್ಯಾಸ ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ಅಸ್ತಮಾ, ಬಿಪಿ, ಕಾಮಾಲೆ, ಯಾವುದನ್ನು ಓದುವಾಗಲೂ ಈಗ ಕೇಳಿಕೊಳ್ಳುತ್ತೇನೆ: ಹೊರೆ ಹೆಚ್ಚಾಯಿತಾ, ಹೊರುವವನು ಸೋತನಾ? ಬಿಪಿಯಲ್ಲಿ ಎರಡೂ ಒಂದರ ಹಿಂದೆ ಒಂದು. ಮೊದಲು ಹೃದಯಕ್ಕೆ ಹೊರೆ, ಅದಕ್ಕೆ ತಕ್ಕಂತೆ ಹೃದಯದ ಗೋಡೆ ದಪ್ಪವಾಗುತ್ತದೆ, ವರ್ಷಗಳ ಮೇಲೆ ಅದೇ ಹೃದಯ ಸೋಲುತ್ತದೆ.

ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ಪರೀಕ್ಷೆ ಗೊತ್ತಲ್ಲ. ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಅಂಟುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ಇನ್ನು ಈ ಪ್ರಶ್ನೆಗೆ ನೀವೇ ಉತ್ತರ ಬರೆಯಿರಿ. ಸುರತ್ಕಲ್ ಕಡೆ ಕಟ್ಟಡ ಕೆಲಸ ಮಾಡುವ, ಸಕ್ಕರೆ ಕಾಯಿಲೆ ಇರುವ ಒಬ್ಬರಿಗೆ ಕಳೆದ ತಿಂಗಳು ವೈವಾಕ್ಸ್ ಮಲೇರಿಯಾ ಜೋರಾಗಿ ಬಂದಿತ್ತು. ರಕ್ತ ಕಡಿಮೆಯಾಗಿತ್ತು. ಈಗ ಖಾಲಿ ಹೊಟ್ಟೆಯ ಸಕ್ಕರೆ 190, ಎಚ್‌ಬಿಎ1ಸಿ ಮಾತ್ರ 5.8. ಸಕ್ಕರೆ ಹತೋಟಿಯಲ್ಲಿದೆ ಎಂದು ಅವರು ರಿಪೋರ್ಟ್ ತೋರಿಸುತ್ತಿದ್ದಾರೆ. ಯಾವ ಸಂಖ್ಯೆಯನ್ನು ನಂಬುತ್ತೀರಿ, ಯಾಕೆ? ಕೆಂಪು ಕಣದ ಆಯಸ್ಸಿನಿಂದ ಶುರುಮಾಡಿ.