ಡಿಎನ್‌ಎ ತುಂಡಾದಾಗ ಯೀಸ್ಟ್ ಯಾಕೆ ನಿಲ್ಲುತ್ತದೆ?

ಕಲಬುರಗಿಯ ಬೇಕರಿಗಳಲ್ಲಿ ಪಾವ್‌ಗೆಂದು ಮೈದಾ ನಾದುವಾಗ ಹಾಕುವ ಯೀಸ್ಟ್ ಒಂದೇ ಕೋಶದ ಜೀವಿ. ಈಚಲು ಮರದ ಸೇಂದಿ ಹುಳಿಯೇರುವುದರಲ್ಲೂ ಯೀಸ್ಟ್‌ನ ಪಾಲಿದೆ. ಸಕ್ಕರೆ, ಬಿಸುಪು ಸರಿಯಾಗಿ ಸಿಕ್ಕರೆ ಸುಮಾರು 90 ನಿಮಿಷದಲ್ಲಿ ಒಂದು ಕೋಶ ಎರಡಾಗುತ್ತದೆ. ಮೊದಲು ಮೈಮೇಲೆ ಮೊಗ್ಗು ಮೂಡುತ್ತದೆ. ಅದು ದೊಡ್ಡದಾಗಿ ಮರಿ ಕೋಶವಾಗುತ್ತದೆ. ಬೇರೆಯಾಗುವ ಮುಂಚೆ ತಾಯಿ ಕೋಶ ತನ್ನ ಡಿಎನ್‌ಎ ಇರುವ 16 ಕ್ರೋಮೋಸೋಮ್‌ಗಳ ನಕಲು ಮಾಡಿ ಮರಿಗೂ ಒಂದು ಪ್ರತಿ ಕೊಡಬೇಕು.

ಈ ಗಡಿಬಿಡಿಯಲ್ಲಿ ಡಿಎನ್‌ಎ ಎಳೆ ತುಂಡಾದರೆ? ಯೀಸ್ಟ್ ಮೇಲೆ ಡಿಎನ್‌ಎ ತುಂಡು ಮಾಡುವ ಎಕ್ಸ್‌ರೇ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉತ್ತರ ಕಾಣುತ್ತದೆ. ಮೊಗ್ಗು ತಾಯಿಯಷ್ಟೇ ದೊಡ್ಡದಾಗಿದ್ದರೂ ಬೇರೆಯಾಗುವುದಿಲ್ಲ. ಎರಡೂ ಅಂಟಿಕೊಂಡೇ ಗಂಟೆಗಟ್ಟಲೆ ನಿಂತುಬಿಡುತ್ತವೆ. ಸುಮ್ನೆ ನಿಂತಿಲ್ಲ, ಒಳಗೆ ರಿಪೇರಿ ನಡೆದಿರುತ್ತದೆ.

ರ‍್ಯಾಡ್9 ಎಂಬ ಜೀನ್ ಕೆಟ್ಟ ಯೀಸ್ಟ್ ಹೀಗೆ ನಿಲ್ಲುವುದಿಲ್ಲ. ಎಕ್ಸ್‌ರೇ ಬಿದ್ದರೂ ಎರಡಾಗಿ ಒಡೆಯುತ್ತಲೇ ಹೋಗಿ ಸಾಯುತ್ತದೆ. ರಿಪೇರಿ ಮಾಡಲು ಬರದೆ ಸಾಯುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಅದನ್ನೇ ಪರೀಕ್ಷಿಸಿದರು. ಎಕ್ಸ್‌ರೇ ಬಿಟ್ಟ ಮೇಲೆ ಒಂದು ರಾಸಾಯನಿಕ ಹಾಕಿ, ಆ ಕೋಶಗಳು ಕೆಲವು ಗಂಟೆ ಒಡೆಯದಂತೆ ತಾವೇ ತಡೆದು ಹಿಡಿದರು. ಆಮೇಲೆ ಬಿಟ್ಟಾಗ ಸಾಯುವ ಕೋಶಗಳ ಸಂಖ್ಯೆ ಬಹಳ ಇಳಿದಿತ್ತು. ಅಂದರೆ ರಿಪೇರಿಯ ಸರಂಜಾಮೆಲ್ಲ ಅವುಗಳಲ್ಲಿ ಇತ್ತು. ಇಲ್ಲದ್ದು ಬಿಡುವು ಮಾತ್ರ! 1988ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ಸರಳ, ಸುಂದರ ಪ್ರಯೋಗಗಳು ಜೀವವಿಜ್ಞಾನದಲ್ಲಿ ಜಾಸ್ತಿ ಇಲ್ಲ ಅಂತ ನನ್ನ ಅಭಿಪ್ರಾಯ. ಇಂಥ ತಡೆಗೆ ‘ಚೆಕ್‌ಪಾಯಿಂಟ್’ ಎಂದು ಹೆಸರಿಟ್ಟವರೂ ಇವರೇ. ಕೋಶ ವಿಭಜನೆಯ ಸಂಶೋಧನೆಗಾಗಿ ಹಾರ್ಟ್‌ವೆಲ್ 2001ರಲ್ಲಿ ನೊಬೆಲ್ ಹಂಚಿಕೊಂಡರು.

ತಡೆ ಬೀಳುವುದು ಹೇಗೆ ಎನ್ನುವುದೂ ಈಗ ಸಾಕಷ್ಟು ಗೊತ್ತಾಗಿದೆ. ತುಂಡಾದ ಜಾಗದಲ್ಲಿ ಡಿಎನ್‌ಎಯ ಒಂಟಿ ಎಳೆ ಹೊರಗೆ ಕಾಣುತ್ತದೆ. ಮೆಕ್1 ಎಂಬ ಪ್ರೋಟೀನ್ ಅಲ್ಲಿಗೆ ಬಂದು ಕೂರುತ್ತದೆ. ರ‍್ಯಾಡ್9 ಮೂಲಕ ಸುದ್ದಿ ರ‍್ಯಾಡ್53 ಮತ್ತು ಚೆಕ್1 ಎಂಬ ಪ್ರೋಟೀನ್‌ಗಳಿಗೆ ಮುಟ್ಟುತ್ತದೆ. ಇವು ನಕಲಾದ ಕ್ರೋಮೋಸೋಮ್ ಜೋಡಿಗಳು ಬಿಡಿಸಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಅಷ್ಟೇ ಅಲ್ಲ, ರ‍್ಯಾಡ್53 ಇನ್ನೊಂದು ಪ್ರೋಟೀನನ್ನು ಎಬ್ಬಿಸಿ, ಹೊಸ ಡಿಎನ್‌ಎಗೆ ಬೇಕಾದ ಕಚ್ಚಾ ಸಾಮಾನನ್ನು ಹೆಚ್ಚಿಸುತ್ತದೆ. ರಿಪೇರಿ ಮುಗಿದ ಮೇಲೆ ತಡೆ ತೆರವಾಗುತ್ತದೆ. ಎಷ್ಟು ಹೊತ್ತಾದರೂ ರಿಪೇರಿ ಆಗದಿದ್ದರೆ ಕೆಲವು ಕೋಶಗಳು ಕಾಯುವುದನ್ನು ಬಿಟ್ಟು, ಗಾಯದ ಸಮೇತ ಒಡೆಯುತ್ತವೆ.

ನಮ್ಮ ಮೈಯ ಕೋಶಗಳಲ್ಲೂ ಮೆಕ್1ರ ಬಳಗದವರಿದ್ದಾರೆ: ಎಟಿಆರ್ ಮತ್ತು ಎಟಿಎಂ ಎಂಬ ಪ್ರೋಟೀನ್‌ಗಳು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಕ್ಯಾನ್ಸರ್‌ಗೆ ಎಲ್ಲೇ ವಿಕಿರಣ ಚಿಕಿತ್ಸೆ ಕೊಡಲಿ, ಗುರಿ ಗೆಡ್ಡೆಯ ಡಿಎನ್‌ಎ ಮುರಿಯುವುದೇ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಚೆಕ್‌ಪಾಯಿಂಟ್ ಜೀನ್‌ಗಳು ಕೆಟ್ಟಿರುತ್ತವೆ. ಅವು ನಿಂತು ರಿಪೇರಿ ಮಾಡಿಕೊಳ್ಳುವುದು ಕಷ್ಟ. ಸುತ್ತಲಿನ ಆರೋಗ್ಯವಂತ ಕೋಶಗಳು ಮಾಡಿಕೊಳ್ಳುತ್ತವೆ. ಅವಕ್ಕೆ ಚೇತರಿಸಿಕೊಳ್ಳಲು ಸಮಯ ಸಿಗಲಿ ಎಂದೇ ವಿಕಿರಣವನ್ನು ಒಮ್ಮೆಲೇ ಕೊಡದೆ, ದಿನ ಬಿಟ್ಟು ದಿನವೋ ದಿನಾಲೂ ಸ್ವಲ್ಪ ಸ್ವಲ್ಪವೋ ಕೊಡುತ್ತಾರೆ. ಆದರೆ ಹುಟ್ಟಿನಿಂದಲೇ ಎಟಿಎಂ ಜೀನ್‌ನ ಎರಡೂ ಪ್ರತಿ ಕೆಟ್ಟಿರುವ ಮಕ್ಕಳೂ ಇದ್ದಾರೆ. ಉಳಿದವರು ತಾಳಿಕೊಳ್ಳುವ ವಿಕಿರಣವೂ ಅವರ ಜೀವಕ್ಕೆ ಅಪಾಯ ತರಬಹುದು.